ಕಿಲೋಗೆ ನೂರಿಪ್ಪತ್ತು

ಸಿದ್ದಾಪುರದ ಸಂತೆ, ಭಾನುವಾರ.
ಒಣಮೀನಿನ ಸಾಲು ಮುಗಿದು
ಪ್ಲಾಸ್ಟಿಕ್ ಕೊಡಗಳು ಶುರುವಾಗುವಲ್ಲಿ
ಪೋಕರ್‌ಕಾಕ ಈ ವಾರ ಪುಸ್ತಕ ಹರಡಿದ್ದಾನೆ.
ಯಾವುದೋ ಎಸ್ಟೇಟಿನ ಬಂಗಲೆ ಮಾರಿಹೋಯಿತಂತೆ:
ಪಿಯಾನೊ ಮೈಸೂರಿಗೆ,
ಜಿಂಕೆಯ ಕೊಂಬು ಯಾರಿಗೂ ಹೇಳದ ಕಡೆಗೆ,
ಪುಸ್ತಕ ಮಾತ್ರ ಕಾಫಿ ಚೀಲದಲ್ಲಿ ಇವನ ಪಾಲಿಗೆ.

‘ಕಿಲೋಗೆ ನೂರಿಪ್ಪತ್ತು, ರೈಟರಮ್ಮ.
ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ.’
ಕರಿಮೆಣಸು ತೂಗುವ ತಕ್ಕಡಿ.
ನನ್ನ ಪರ್ಸಿನಲ್ಲಿ, ಗ್ಯಾಸಿಗೆ ತೆಗೆದಿಟ್ಟು ಉಳಿದದ್ದು
ನೂರರ ಒಂದು ನೋಟು, ಬಸ್ಸಿಗೆ ಚಿಲ್ಲರೆ.
ಕೈಯಲ್ಲಿ ಎರಡು ಪುಸ್ತಕ.

ಒಂದು, ಲೋಕದ ಸಂಪತ್ತು ಯಾರ ಬಳಿ ಎಷ್ಟು ಎಂಬ ಲೆಕ್ಕ.
ಒಬ್ಬರೂ ಬಿಡಿಸದ ಪುಟ, ಹೊಸ ಅಂಟಿನ ವಾಸನೆ.
ಗೆರೆಯೊಂದು ಕಾಗದದ ಬುಡದಲ್ಲೇ ತೆವಳಿ ತೆವಳಿ
ಬಲತುದಿಗೆ ಬಂದದ್ದೇ
ಸಿಲ್ವರ್ ಓಕಿನ ಹಾಗೆ ನೆಟ್ಟಗೆ ಮೇಲೆ.
ಈ ಚಿತ್ರ ನನಗೆ ಗೊತ್ತು.
ಹದಿನಾಲ್ಕು ವರ್ಷದಿಂದ ಅದರ ಬುಡವನ್ನು ನಾನೇ ಬರೆಯುತ್ತಿದ್ದೇನೆ,
ಹಾಜರಿ, ಅರ್ಧ ಹಾಜರಿ, ಮುಂಗಡ, ಕಡಿತ.

ಇನ್ನೊಂದು, ಯಹೂದಿಗಳ ಅಡುಗೆ.
ಬೆನ್ನು ಕಿತ್ತಿದೆ. ಅರಿಸಿನದ್ದೋ ಏನೋ, ಹಳದಿ ಹೆಬ್ಬೆರಳು ಅಲ್ಲಲ್ಲಿ.
ಜಡೆ ಹೆಣೆದ ಬ್ರೆಡ್ಡು, ಉಪ್ಪುನೀರಿನಲ್ಲಿ ಅದ್ದಿದ ಸೊಪ್ಪು,
ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು.
ಹಂದಿ ಇಲ್ಲ.
ಹಿಂದುಮುಂದು ತಿರುವಿದೆ, ಮುನ್ನೂರು ಪುಟ,
ಹಂದಿ ಇಲ್ಲ!
ಬಂಗಲೆಯ ಯಾರೋ ಪೆನ್ಸಿಲಿನಲ್ಲಿ
‘ಕುರಿಗೆ ಕಾಚಂಪುಳಿ ಹಾಕಿದರೆ?’ ಎಂದು ಬರೆದು
ಕೆಳಗೆ, ಇನ್ಯಾವುದೋ ದಿನದ ಶಾಯಿಯಲ್ಲಿ: ‘ಬೇಡ.’
ನಕ್ಕುಬಿಟ್ಟೆ.
‘ಜೋಕಿನ ಪುಸ್ತಕವಾ?’ ಅಂದ ಕಾಕ.

ಶುಕ್ರವಾರ ಸಂಜೆ ಒಲೆಗಿಟ್ಟದ್ದು
ಶನಿವಾರ ಮಧ್ಯಾಹ್ನ ಇಳಿಸುವುದಂತೆ.
ಬೀನ್ಸು, ಬಾರ್ಲಿ, ಎಲುಬು, ರಾತ್ರಿಯಿಡೀ ಸಣ್ಣ ಉರಿ.
ಶನಿವಾರ ಅವರು ಬೆಂಕಿ ಹೊತ್ತಿಸುವಂತಿಲ್ಲ,
ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ.
ಶನಿವಾರ! ನಮ್ಮ ಬಟವಾಡೆ.
ದುಡ್ಡು ಮುಟ್ಟುವುದು, ಬರೆಯುವುದು ಬಿಟ್ಟು
ನಾನು ಬೇರೇನೂ ಮಾಡದ ದಿನ.

ಬಾರ್ಲಿಯ ಪುಟದಡಿ ಸಣ್ಣ ಅಕ್ಷರ:
ಹೊಲದ ಮೂಲೆ ಕೊಯ್ಯದೆ ಬಿಡುವುದು ಅವರ ಹಳೆಯ ಕಟ್ಟಳೆಯಂತೆ.
ಉದುರಿದ್ದನ್ನು ಒಡೆಯ ಬಗ್ಗಿ ಹೆಕ್ಕಬಾರದಂತೆ,
ಇಲ್ಲದವರದಂತೆ ಅದು.

ಫೆಬ್ರವರಿಯಲ್ಲಿ, ಗೇಟಿನ ಬಳಿ,
ಎರವರ ಬೊಳ್ಚಿಯ ಮಡಿಲು ಬಿಚ್ಚಿಸಿದಾಗ
ನೆಲಕ್ಕೆ ಬಿದ್ದು ಕಪ್ಪಾದ ರೋಬಸ್ಟಾ, ಮುಕ್ಕಾಲು ಕಿಲೋ.
ತೂಗಿದವಳು ನಾನು.
ಕಡಿತದ ಕಾಲಮ್ಮಿನಲ್ಲಿ ಬರೆದವಳೂ.
ಅಕ್ಷರ ದುಂಡಗೆ ಬಂದಿತ್ತು, ನೆನಪಿದೆ.

ಸಂಪತ್ತಿನ ಲೆಕ್ಕ ಒಂದು ಕಿಲೋ ಇನ್ನೂರು.
ಅಡುಗೆ ಎಂಟುನೂರು ಗ್ರಾಂ.
ಆರಿಸಿದ್ದು ನಾನಲ್ಲ, ತಕ್ಕಡಿ ಎನ್ನಬಹುದಿತ್ತು,
ಆದರೆ ಕಾಕ ಹೇಳಿದ:
‘ದೊಡ್ಡದನ್ನೂ ಒಯ್ಯಿರಿ, ದುಡ್ಡು ಮುಂದಿನ ವಾರ.’
ಮುಂಗಡ.
ಬೇಡ ಅಂದೆ.
ನಾಲ್ಕು ರೂಪಾಯಿಗೆ ಚಿಲ್ಲರೆ ಇಲ್ಲವೆಂದು ಎರಡು ಮಿಠಾಯಿ ಕೊಟ್ಟ.

ಶುಕ್ರವಾರ ರಾತ್ರಿ ಬಾರ್ಲಿ ಸಿಗದೆ ಸಣ್ಣಕ್ಕಿ ಹಾಕಿದೆ.
ಶನಿವಾರ ಬೊಳ್ಚಿ ಹೆಬ್ಬೆಟ್ಟು ಒತ್ತಿ,
ಎಣಿಸದೆ, ನೋಟು ಸೊಂಟಕ್ಕೆ ಸಿಕ್ಕಿಸಿ ನಡೆದಳು.
ಮನೆಯಲ್ಲಿ ಪಾತ್ರೆ ತನ್ನಷ್ಟಕ್ಕೆ ತಾನು ಕುದಿಯುತ್ತಿತ್ತು.
ಊಟಕ್ಕೆ ಕರೆಯಬೇಕೆಂದಿದ್ದೆ.
ಕರೆಯಲಿಲ್ಲ.

ಮರುದಿನ ಸಂತೆಯಲ್ಲಿ ಗಾಳಿ.
ಟಾರ್ಪಾಲು ಹಾರದ ಹಾಗೆ ಒಂದು ಮೂಲೆಯ ಮೇಲೆ
ಆ ದಪ್ಪ ಪುಸ್ತಕ.
ಬಗ್ಗಿದೆ.
‘ಬೇರೇನು ಬೇಕಾದರೂ ನೋಡಿ ರೈಟರಮ್ಮ,’ ಅಂದ ಕಾಕ,
‘ಆ ಮೂಲೆ ಒಂದನ್ನು ಮುಟ್ಟಬೇಡಿ.’